ದಾರ ಕಟ್ಟಿದ ಪುಟ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮ ಎಂದರೆ ಮೂರು ಕೋಣೆ, ಒಂದು ಬೇವಿನ ಮರ, ನೀರಿಗೆ ಇಳಿಯಲು ಮೂವತ್ತೆರಡು ಮೆಟ್ಟಿಲು.

ಅಲ್ಲಿ ನೀಲಗಂಗವ್ವ ಎಂಬ ಮುದುಕಿ ಇದ್ದಳು. ಎಲ್ಲರೂ ಅವಳನ್ನು ಅವ್ವ ಎನ್ನುತ್ತಿದ್ದರು. ಉಪದೇಶ ಬೇಕೆಂದು ಬಂದವರ ಕೈಗೆ ಅವಳು ಮೊದಲು ಕಸಬರಿಗೆ ಕೊಡುತ್ತಿದ್ದಳು. ಅರ್ಧ ಜನ ಅಲ್ಲಿಂದಲೇ ತಿರುಗಿ ಹೋಗುತ್ತಿದ್ದರು.

ಬೆಳಿಗ್ಗೆ ಮತ್ತು ಸಂಜೆ ಅವಳು ಮೆಟ್ಟಿಲಿಳಿದು, ನೀರಿಗೆ ಕಾಲಿಟ್ಟು, ಕೆಳಗಿನಿಂದ ಎಷ್ಟು ಮೆಟ್ಟಿಲು ಮುಳುಗಿವೆ ಎಂದು ಹೇಳುತ್ತಿದ್ದಳು. ಹದಿನೆಂಟು ಮುಳುಗಿದ ಮೇಲೆ ಕೆಳಗಿನ ಯಾವ ಊರಿನಲ್ಲೂ ದೋಣಿ ಬಿಡಬಾರದು. ಇದು ಅವಳ ಗುರುವಿನ ಕಾಲದಿಂದ ನಡೆದುಬಂದ ನೇಮ.

ಆ ಕಾಲದಲ್ಲಿ ಸಂಖ್ಯೆ ಬಾಯಿಂದ ಬಾಯಿಗೆ ಹೋಗುತ್ತಿತ್ತು. ದೋಣಿ ದಾಟಿಸುವ ಮೊದಲ ಕಡವಿನ ಅಂಬಿಗ ಕೇಳಿಸಿಕೊಂಡು ಎರಡನೆಯವನಿಗೆ ಕೂಗಿ ಹೇಳುವನು. ಎರಡನೆಯವನು ಮೂರನೆಯವನಿಗೆ. ಪ್ರತಿಯೊಬ್ಬನೂ ಅದನ್ನು ತಲೆಯಲ್ಲಿಟ್ಟುಕೊಂಡು, ತನ್ನ ಕಡವಿಗೆ ಬಂದವರಿಗೆ ತಾನೇ ಹೇಳುವನು. ಕೇಳಲೆಂದು ಆಶ್ರಮದ ತನಕ ಯಾರೂ ಬರುತ್ತಿರಲಿಲ್ಲ.

ಈಗ ಎಲ್ಲರ ಕೈಯಲ್ಲೂ ಫೋನು. ಯಾರೂ ಕೂಗುವುದಿಲ್ಲ.

ಅವ್ವನ ಶಿಷ್ಯ ಬಾಳಯ್ಯ ತಾಲ್ಲೂಕಿನ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಕಲಿತವನು. ಅವನು ಆಶ್ರಮಕ್ಕೆ ಒಂದು ವೆಬ್‌ಸೈಟ್ ಮಾಡಿದ. ಅದರಲ್ಲಿ ಒಂದೇ ಪುಟ. ಪುಟದಲ್ಲಿ ಮೆಟ್ಟಿಲಿನ ಚಿತ್ರ, ಕೆಳಗೆ ದೊಡ್ಡದಾಗಿ ಸಂಖ್ಯೆ. ಅವ್ವ ಹೇಳುತ್ತಿದ್ದಳು, ಬಾಳಯ್ಯ ಬರೆಯುತ್ತಿದ್ದ, ನಲವತ್ತು ಊರಿನವರು ನೋಡುತ್ತಿದ್ದರು.

ಆಶ್ರಮದಲ್ಲಿ ಇನ್ನೊಂದು ಪದ್ಧತಿ ಇತ್ತು. ಬಂದವರ ಮುಂಗೈಗೆ ಕೆಂಪು ದಾರ ಕಟ್ಟುವುದು. ಬಾಣಂತಿಗೋ ಕಾಯಿಲೆಯವರಿಗೋ ಊಟ ಕಳಿಸಿದರೆ ಆ ಪಾತ್ರೆಯ ಕೊರಳಿಗೂ ದಾರ. ದಾರ ಕಟ್ಟಿದ ಪಾತ್ರೆ ಒಬ್ಬರ ಪಾಲು. ಹಸಿದು ಬಿದ್ದರೂ ಬೇರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ದಾರ ಕಟ್ಟುವ ಕೆಲಸ ಬಾಳಯ್ಯನದು. ಆ ಕೆಲಸ ಅವನಿಗೆ ಬಹಳ ಇಷ್ಟ.

ಆಷಾಢದ ಕೊನೆಯಲ್ಲಿ ಮೇಲಿನ ಅಣೆಕಟ್ಟಿನ ಬಾಗಿಲು ತೆರೆದರು. ಬೆಳಿಗ್ಗೆ ಹದಿನೈದಿದ್ದ ನೀರು ಹನ್ನೊಂದು ಗಂಟೆಗೆ ಇಪ್ಪತ್ತಾಯಿತು. ಬಾಳಯ್ಯ ಓಡಿ ಬಂದು ಇಪ್ಪತ್ತು ಎಂದು ಬರೆದ. ಅಷ್ಟರಲ್ಲಿ ನಲವತ್ತು ಊರಿನ ಜನ ಒಟ್ಟಿಗೆ ಪುಟ ತೆರೆಯುತ್ತಿದ್ದರು. ಆಶ್ರಮದಲ್ಲಿದ್ದದ್ದು ಒಂದೇ ಕಂಪ್ಯೂಟರ್. ಅದು ಉಸಿರುಗಟ್ಟಿ ನಿಂತಿತು. ಪುಟ ಯಾರಿಗೂ ತೆರೆಯಲಿಲ್ಲ.

ಮೂರು ತಿರುವು ಕೆಳಗೆ ದುರಗಪ್ಪ ಎಂಬ ಅಂಬಿಗ ದೋಣಿಯ ಪಕ್ಕದಲ್ಲಿ ನಿಂತು ಫೋನು ನೋಡಿದ. ಪರದೆಯ ಮೇಲೆ ಒಂದು ಉಂಗುರ ತಿರುಗುತ್ತಲೇ ಇತ್ತು. ಬೆಳಿಗ್ಗೆ ನೋಡಿದ ಹದಿನೈದು ಅವನ ನೆನಪಿನಲ್ಲಿತ್ತು. ಆಚೆ ದಂಡೆಯಲ್ಲಿ ಒಬ್ಬಳು ಜ್ವರದ ಕೂಸನ್ನು ಎತ್ತಿಕೊಂಡು ಕರೆಯುತ್ತಿದ್ದಳು. ಅವನು ಫೋನು ನೆನೆಯಬಾರದೆಂದು ಹೆಂಡತಿಯ ಕೈಗೆ ಕೊಟ್ಟು ಒಬ್ಬನೇ ದೋಣಿ ಬಿಟ್ಟ.

ದೋಣಿ ಮರುದಿನ ಸಿಕ್ಕಿತು. ಅವನು ಸಿಕ್ಕಿದ್ದು ಮೂರನೆಯ ದಿನ.

ಹದಿಮೂರನೆಯ ದಿನ ಕಳೆದ ಮೇಲೆ ಅವನ ಹೆಂಡತಿ ಯಮನವ್ವ ಆಶ್ರಮಕ್ಕೆ ಬಂದಳು. ಅವ್ವ ಅವಳ ಕೈಗೆ ಕಸಬರಿಗೆ ಕೊಡಲಿಲ್ಲ. ಚಾಪೆ ಹಾಸಿದಳು.

ಪುಟ ಯಾಕೆ ತೆರೆಯಲಿಲ್ಲ ಎಂದು ಯಮನವ್ವ ಕೇಳಿದಳು. ಬಾಳಯ್ಯ ಹೇಳತೊಡಗಿದ. ಬಹಳ ಹೊತ್ತು ಹೇಳಿದ. ಕಂಪ್ಯೂಟರಿನ ಮಾತುಗಳು ಒಂದಾದ ಮೇಲೊಂದು ಬಂದವು. ತಪ್ಪಿರುವವನು ಮಾತನಾಡುವಷ್ಟು ಉದ್ದ ಬೇರೆ ಯಾರೂ ಮಾತನಾಡುವುದಿಲ್ಲ.

ಅವಳು ಮುಗಿಯುವ ತನಕ ಕಾದಳು.

"ನೀವು ಹೇಳಿದ್ದು ನನಗ ತಿಳೀಲಿಲ್ಲ ಬಾಳಯ್ಯನೋರ. ಇನ್ನೊಮ್ಮಿ ನೀರು ಬಂದಾಗ ತೆರೀತದೋ ಇಲ್ಲೋ, ಅಷ್ಟ ಹೇಳ್ರಿ. ಈಗ ದೋಣಿ ನಡಸಾಕಿ ನಾನು."

ಬಾಳಯ್ಯ ಅವ್ವನ ಮುಖ ನೋಡಿದ. ಅವ್ವ ಹೊಳೆ ನೋಡುತ್ತಿದ್ದಳು.

ಅಣೆಕಟ್ಟು ಮತ್ತೆ ತುಂಬಿದೆ, ನಾಲ್ಕನೆಯ ದಿನಕ್ಕೆ ಬಾಗಿಲು ತೆರೆಯುತ್ತಾರೆ ಎಂದು ಊರೂರಿಗೂ ಡಂಗುರ ಆಗಿತ್ತು. ಅವ್ವ ಯಮನವ್ವನಿಗೆ, ಅದರ ಹಿಂದಿನ ದಿನ ಫೋನು ಹಿಡಿದುಕೊಂಡು ಬಾ, ತೆರೆಯುತ್ತದೋ ಇಲ್ಲವೋ ನೋಡಿಕೊಂಡೇ ಹೋಗು ಎಂದಳು. ಯಮನವ್ವ ಎದ್ದು ಹೋದಳು. ಊಟಕ್ಕೆ ನಿಲ್ಲಲಿಲ್ಲ.

ಅವಳು ಮರೆಯಾದ ಮೇಲೆ ಬಾಳಯ್ಯ ಹೇಳಿದ.

"ಅವ್ವ, ಇದು ನನ್ನ ತಪ್ಪಲ್ಲ."

"ಹೌದೇನು?"

ಅವನು ವಿವರಿಸಿದ. ಹೀಗಾಗುತ್ತದೆ ಎಂದು ಮೊದಲೇ ಅನುಮಾನವಿದ್ದು ಒಂದು ಕಂಪನಿಗೆ ಕೆಲಸ ಒಪ್ಪಿಸಿದ್ದ. ದೊಡ್ಡ ದೊಡ್ಡ ಊರುಗಳಲ್ಲಿ ಆ ಕಂಪನಿಯ ಕಂಪ್ಯೂಟರ್‌ಗಳಿವೆ. ಅವು ಆಶ್ರಮದ ಪುಟದ ನಕಲನ್ನು ಇಟ್ಟುಕೊಳ್ಳಬೇಕು. ಯಾರು ಕೇಳಿದರೂ ಹತ್ತಿರದ ಕಂಪ್ಯೂಟರೇ ಆ ನಕಲನ್ನು ಕೊಡಬೇಕು. ಆಶ್ರಮದ ಮೇಲೆ ಭಾರ ಬೀಳಬಾರದು. ಇದಕ್ಕೆ ಸಿಡಿಎನ್ ಎನ್ನುತ್ತಾರೆ.

"ಹಿಂದ ಅಂಬಿಗರು ಮಾಡ್ತಿದ್ದರಲ್ಲ, ಅದ" ಎಂದಳು ಅವ್ವ.

"ಅದ ಅವ್ವ. ಆದ್ರ ಇವರು ನಕಲು ಇಟಗೊಳ್ಳಾಕ ಒಲ್ಲರು. ಯಾರು ಬಂದ್ರೂ ನಮ್ಮ ಮನಿಗೇ ಅಟ್ಟತಾರ. ಮೈಗಳ್ಳರು."

"ಅವರನ್ನ ಕೇಳೀಯೇನು?"

ಕೇಳಿರಲಿಲ್ಲ. ಆ ದಿನವೇ ಬರೆದು ಕೇಳಿದ. ಸಂಜೆಯೊಳಗೆ ಉತ್ತರ ಬಂತು. ಎರಡೇ ಸಾಲು. ನಮ್ಮ ಕಡೆ ಎಲ್ಲ ಸರಿಯಾಗಿದೆ. ನಿಮ್ಮ ಪುಟ ನಮಗೆ ಏನು ಹೇಳುತ್ತಿದೆ, ಅದನ್ನು ಓದಿ.

ಪ್ರತಿ ಪುಟದ ತಲೆಯ ಮೇಲೆ ಕೆಲವು ಸಾಲುಗಳಿರುತ್ತವೆ. ನೋಡುವವರ ಕಣ್ಣಿಗೆ ಅವು ಬೀಳುವುದಿಲ್ಲ. ನಕಲು ಇಟ್ಟುಕೊಳ್ಳುವ ಕಂಪ್ಯೂಟರ್‌ಗಳು ಮಾತ್ರ ಓದುತ್ತವೆ. ಬಾಳಯ್ಯ ಆ ಸಾಲುಗಳನ್ನು ತೆಗೆದು ಓದಿದ. ಮೊದಲ ಸಾಲಿನಲ್ಲೇ ಇತ್ತು: ಇದನ್ನು ಇಟ್ಟುಕೊಳ್ಳಬೇಡ.

ಬರೆದವನು ಅವನೇ. ಎರಡು ವರ್ಷದ ಹಿಂದೆ, ಹಳೆಯ ಸಂಖ್ಯೆ ಎಲ್ಲಾದರೂ ಉಳಿದುಬಿಟ್ಟೀತು ಎಂಬ ಹೆದರಿಕೆಯಲ್ಲಿ ಬರೆದಿದ್ದ.

ಅದನ್ನು ಅಳಿಸಿ, ಹತ್ತು ನಿಮಿಷ ಇಟ್ಟುಕೋ, ಆಮೇಲೆ ಬಂದು ಹೊಸದನ್ನು ಕೇಳು ಎಂದು ಬರೆದ. ಮನಸ್ಸು ಹಗುರಾಯಿತು. ಅವ್ವನ ಹತ್ತಿರ ಹೋಗಿ, ತಪ್ಪು ಸಿಕ್ಕಿತು ಎಂದ.

"ಸಿಕ್ಕಿದ್ದು ಖರೆ. ಹೋತೇನು?"

ಅದನ್ನು ಅವನು ನೋಡಿರಲಿಲ್ಲ. ತಿರುಗಿ ಹೋಗಿ ನೋಡಿದ. ಕಂಪನಿಯ ಕಂಪ್ಯೂಟರ್‌ಗಳು ಪ್ರತಿ ಉತ್ತರದ ಜೊತೆ ಒಂದು ಗುರುತು ಕಳಿಸುತ್ತವೆ. ತಮ್ಮ ಬಳಿ ಇದ್ದ ನಕಲನ್ನೇ ಕೊಟ್ಟರೆ ಹಿಟ್. ಇಲ್ಲದೆ ಆಶ್ರಮಕ್ಕೆ ಬಂದು ಕೇಳಿದರೆ ಮಿಸ್. ಬಾಳಯ್ಯ ಹತ್ತು ಸಲ ಪುಟ ತೆರೆದ.

ಹತ್ತೂ ಮಿಸ್.

ಎರಡನೆಯ ದಿನವಿಡೀ ಕೂತ. ಸಾಲುಗಳನ್ನು ತಿರುತಿರುಗಿ ಓದಿದ. ಅವನ ಕಣ್ಣು ತನಗೆ ಬೇಕಾದ ತಪ್ಪನ್ನೇ ಹುಡುಕುತ್ತಿತ್ತು, ಅದು ಅಲ್ಲಿರಲಿಲ್ಲ. ಸಂಜೆ ಬಂದು, ಆಗುವುದಿಲ್ಲ ಅವ್ವ, ಯಮನವ್ವನಿಗೆ ದೋಣಿ ಬಿಡಬೇಡ ಅಂತ ಹೇಳಿಬಿಡೋಣ ಎಂದ.

"ಆಕಿ ಮೂರು ಮಕ್ಕಳಿಗೆ ನೀ ಏನು ಉಣ್ಣಸ್ತಿ?" ಎಂದು ಅವ್ವ ಕೇಳಿದಳು.

ಶ್ರಾವಣದಲ್ಲಿ ಆಶ್ರಮದ ಕೆಳಗಿನ ರಸ್ತೆಯಲ್ಲಿ ನಡೆದು ಹೋಗುವ ಯಾತ್ರಿಕರು ಬಹಳ. ಅವರಿಗೆ ದಿನವೂ ಒಂದು ಕೊಡ ಅಂಬಲಿ ಹೋಗುತ್ತಿತ್ತು. ರಸ್ತೆಯ ತಿರುವಿನಲ್ಲಿ ಒಂದು ತಗಡಿನ ಮಾಡು. ಅಲ್ಲಿ ಮಲ್ಲವ್ವ ಎಂಬವಳು ಕೂತು ಬಂದವರಿಗೆಲ್ಲ ಬಡಿಸುತ್ತಿದ್ದಳು. ಹೀಗಾಗಿ ಅಂಬಲಿಗಾಗಿ ಯಾರೂ ಏರು ಹತ್ತಿ ಆಶ್ರಮಕ್ಕೆ ಬರಬೇಕಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವ್ವ ತಾನೇ ಅಂಬಲಿ ಕಾಸಿ, ಕೊಡ ತುಂಬಿ, ಕೊಡದ ಕೊರಳಿಗೆ ಕೆಂಪು ದಾರ ಕಟ್ಟಿದಳು. ಬಾಳಯ್ಯ ಅದನ್ನು ಕಂಡ. ಅವನ ತಲೆಯ ತುಂಬ ಮಿಸ್‌ಗಳಿದ್ದವು. ಕೊಡ ಹೊತ್ತುಕೊಂಡು ಹೋಗಿ ಮಾಡಿನಲ್ಲಿ ಇಳಿಸಿ ಬಂದ.

ಹೊತ್ತೇರುವಷ್ಟರಲ್ಲಿ ಆಶ್ರಮದ ಬಾಗಿಲಲ್ಲಿ ಜನ. ಮಳೆಯಲ್ಲಿ ತೊಯ್ದವರು, ಕಾಲು ಒಡೆದವರು. ಬಾತ ಪಾದದ ಒಬ್ಬ ಮುದುಕ ಏರು ಹತ್ತಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಎಲ್ಲರೂ ಅಂಬಲಿ ಕೇಳುತ್ತಿದ್ದರು. ಮಲ್ಲವ್ವ ಮೇಲೆ ಕಳಿಸಿದಳು ಎನ್ನುತ್ತಿದ್ದರು. ಒಬ್ಬರಿಗೆ ಕೊಡುವಷ್ಟರಲ್ಲಿ ನಾಲ್ವರು ಬರುತ್ತಿದ್ದರು. ಅವ್ವ ಒಬ್ಬಳೇ ಬಡಿಸುತ್ತಿದ್ದಳು.

ಬಾಳಯ್ಯ ಸಿಟ್ಟಿನಿಂದ ಕೆಳಗೆ ಇಳಿದು ಹೋದ. ಮಾಡಿನಲ್ಲಿ ಕೊಡ ತುಂಬಿದ್ದು ತುಂಬಿದಂತೆಯೇ ಇತ್ತು. ಮಲ್ಲವ್ವ ಅದರ ಪಕ್ಕದಲ್ಲಿ ನೊಣ ಹೊಡೆಯುತ್ತ ಕೂತಿದ್ದಳು. ಒಂದು ಕೊಡ ಅಂಬಲಿ ಮುಂದಿಟ್ಟುಕೊಂಡು ಹಸಿದವರನ್ನು ಗುಡ್ಡ ಹತ್ತಿಸುತ್ತೀಯಲ್ಲ, ನಿನಗೆ ಬುದ್ಧಿ ಇದೆಯೇ ಎಂದು ಅವನು ಕೇಳಿದ.

"ನನ್ನ ಬುದ್ಧಿ ಹಂಗಿರ್ಲಿ, ನಿಮ್ಮ ಕಣ್ಣು ಎಲ್ಲಿಟ್ಟೀರಿ?" ಎಂದಳು ಮಲ್ಲವ್ವ. "ಕೊಡಕ್ಕ ದಾರ ಕಟ್ಟಿ ತಂದೀರಿ. ಬಾಣಂತಿದೋ, ಜಡ್ಡಿನವರದೋ, ಯಾರದೋ ಪಾಲು ಇದು. ಮಂದಿ ಪಾಲು ತೆಗದು ಮಂದಿಗೆ ಹೆಂಗ ಬಡಿಸ್ಲಿ? ಬೇಕಾದ್ರ ನೀವ ಕುಡೀರಿ, ಪಾಪ ನಿಮಗಿರ್ಲಿ."

ಅವನು ಕೊಡ ನೋಡಿದ. ದಾರ ನೋಡಿದ.

ಏರು ಹತ್ತುವಾಗ ಅವನ ನಡಿಗೆ ನಿಧಾನವಾಯಿತು.

ಅವ್ವ ಇನ್ನೂ ಬಡಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು:

"ಮಲ್ಲವ್ವ ಮೈಗಳ್ಳಿ ಏನು?"

"ಅಲ್ಲ ಅವ್ವ."

"ಮತ್ತ?"

ಅವನು ಕೆಸರು ಕಾಲಿನಲ್ಲೇ ಒಳಗೆ ಹೋಗಿ ಕಂಪ್ಯೂಟರ್ ಮುಂದೆ ಕೂತ. ಪುಟದ ತಲೆಯ ಸಾಲುಗಳನ್ನು ತೆಗೆದ. ನೂರು ಸಲ ಕಂಡು ದಾಟಿದ್ದ ಒಂದು ಸಾಲು ಅಲ್ಲಿತ್ತು. ಈ ಸಲ ದಾಟಲಿಲ್ಲ.

ಪುಟ ಮಾಡಿದ ಹೊಸದರಲ್ಲಿ ಅವನಿಗೆ ಒಂದು ಕೊರಗಿತ್ತು. ಆಶ್ರಮಕ್ಕೆ ಬಂದವರ ಮುಂಗೈಗೆ ದಾರ ಕಟ್ಟುತ್ತೇವೆ, ಪುಟಕ್ಕೆ ಬಂದವರು ಬರಿಗೈಲಿ ಹೋಗುತ್ತಾರಲ್ಲ ಎಂದು. ಅದಕ್ಕೆ ಪುಟ ತೆರೆದ ಪ್ರತಿಯೊಬ್ಬರ ಫೋನಿನಲ್ಲೂ ಒಂದು ಗುರುತು ಇಡುವಂತೆ ಮಾಡಿದ್ದ. ತಿಳಿದವರು ಅದನ್ನು ಕುಕೀ ಎನ್ನುತ್ತಾರೆ. ಬಾಳಯ್ಯ ಅದಕ್ಕೆ ದಾರ ಎಂದೇ ಹೆಸರಿಟ್ಟಿದ್ದ. ಒಬ್ಬೊಬ್ಬರಿಗೆ ಒಂದೊಂದು ದಾರ. ಅವರು ಮತ್ತೆ ಬಂದರೆ ಆಶ್ರಮದ ಕಂಪ್ಯೂಟರ್ ಗುರುತು ಹಿಡಿದು ಬರೆದುಕೊಳ್ಳುವುದು. ಎಷ್ಟು ಜನ ಬಂದರು, ಎಷ್ಟು ಜನ ತಿರುಗಿ ಬಂದರು ಎಂದು ಹುಣ್ಣಿಮೆಗೊಮ್ಮೆ ಅವನು ಭಕ್ತರ ಮುಂದೆ ಓದುತ್ತಿದ್ದ. ಅವ್ವ ಒಂದು ದಿನವೂ ಕೇಳಿಸಿಕೊಂಡವಳಲ್ಲ. ಆ ಹೊತ್ತಿಗೆ ಅವಳಿಗೆ ಪಾತ್ರೆ ತಿಕ್ಕುವುದಿರುತ್ತಿತ್ತು.

ಆ ದಾರ ಪ್ರತಿ ಪುಟದ ಜೊತೆ ಹೋಗುತ್ತಿತ್ತು. ದೂರದ ಕಂಪ್ಯೂಟರ್‌ಗಳು ಅದನ್ನು ಓದಿ, ಇದು ಯಾರೋ ಒಬ್ಬರ ಪಾಲು ಎಂದು ತಿಳಿದು, ನಕಲು ಇಟ್ಟುಕೊಳ್ಳದೆ ಮುಂದೆ ದಾಟಿಸುತ್ತಿದ್ದವು. ಮುಂದಿನವನು ಕೇಳಿದರೆ ಮತ್ತೆ ಆಶ್ರಮಕ್ಕೇ ಬರುತ್ತಿದ್ದವು.

ಅವನು ಹೊರಗೆ ಬಂದು ಇದಿಷ್ಟನ್ನೂ ಹೇಳಿದ. ಅವ್ವ ಕೊನೆಯ ಪಾತ್ರೆ ಬೋರಲು ಹಾಕಿದಳು.

"ಹಂಗಾದ್ರ ತಗಿ."

"ತಗೀತೀನಿ." ಅವನು ನಿಂತೇ ಇದ್ದ. "ತಗದ್ರ ಯಾರು ಬಂದ್ರು, ಯಾರು ಹೋದ್ರು ಒಂದೂ ತಿಳಿಯಂಗಿಲ್ಲ ಅವ್ವ."

"ಇಷ್ಟು ದಿನ ತಿಳದು ಏನು ಮಾಡಿದಿ?"

ಅವನು ಒಳಗೆ ಹೋದ. ಆದರೂ ಕೂಡಲೇ ತೆಗೆಯಲಿಲ್ಲ. ಎರಡು ವರ್ಷದ ಪಟ್ಟಿ ತೆರೆದುಕೊಂಡು ನೋಡುತ್ತ ಕೂತ. ಸಾವಿರಾರು ದಾರಗಳು. ತಾನು ಸಾಯುವ ತನಕ ಇದನ್ನು ಓದಬಹುದು ಎನ್ನಿಸಿತು.

ಮಧ್ಯಾಹ್ನ ಯಮನವ್ವ ಬಂದಳು. ಹೇಳಿದ್ದ ಹಾಗೆ ಫೋನು ತಂದಿದ್ದಳು. ಸೆರಗಿನಲ್ಲಿ ಸುತ್ತಿಟ್ಟುಕೊಂಡಿದ್ದಳು. ಗಂಡ ಆ ದಿನ ಕೈಗೆ ಕೊಟ್ಟ ಫೋನು ಅದು.

ಬಾಳಯ್ಯ ಅದನ್ನು ಇಸಿದುಕೊಂಡು ಪುಟ ತೆರೆದ. ಫೋನಿನಲ್ಲಿ ದುರಗಪ್ಪನ ದಾರ ಇತ್ತು. ಬೇಕೆಂದು ಮಾಡಿದ್ದಲ್ಲ, ಕೈ ರೂಢಿಯಿಂದ ಆ ದಾರವನ್ನು ಪಟ್ಟಿಯಲ್ಲಿ ಹುಡುಕಿತು.

ದುರಗಪ್ಪ ಎರಡು ವರ್ಷದಲ್ಲಿ ದಿನ ತಪ್ಪದೆ ಬಂದಿದ್ದ. ಕೊನೆಯ ದಿನದ್ದೂ ಇತ್ತು. ಬೆಳಿಗ್ಗೆ ಆರಕ್ಕೆ ಒಂದು ಸಲ. ಹದಿನೈದು ಎಂಬ ಉತ್ತರ ಹೋಗಿತ್ತು. ಹನ್ನೊಂದೂವರೆಯ ಆಚೀಚೆ ನಾಲ್ಕು ಸಲ. ನಾಲ್ಕಕ್ಕೂ ಬಂದದ್ದು ಮಾತ್ರ ಬರೆದಿತ್ತು. ಉತ್ತರದ ಜಾಗ ಖಾಲಿ.

ಬಾಳಯ್ಯನ ಮುಖ ನೋಡಿ ಯಮನವ್ವ ಏನಾಯಿತು ಎಂದು ಕೇಳಿದಳು. ಅವನು ಅವ್ವನ ಕಡೆ ತಿರುಗಿದ. ಅವ್ವ ಬೇವಿನ ಮರದ ಕೆಳಗೆ ಹೋಗಿ, ಅವರಿಬ್ಬರಿಗೂ ಬೆನ್ನು ಮಾಡಿ ಕೂತಳು.

ಈ ಸಲ ಅವನು ಉದ್ದ ಮಾತನಾಡಲಿಲ್ಲ. ತಪ್ಪು ನನ್ನದು ಎಂದ. ಪ್ರತಿಯೊಬ್ಬರಿಗೂ ದಾರ ಕಟ್ಟುವ ಆಸೆಗೆ ದಾರಿಯಲ್ಲಿ ಕೊಡಬೇಕಾದವರು ಕೊಡದ ಹಾಗೆ ಮಾಡಿದೆ ಎಂದ. ನಿನ್ನ ಗಂಡ ನಾಲ್ಕು ಸಲ ಕೇಳಿದ, ಅದು ಇಲ್ಲಿ ಬರೆದಿದೆ, ಉತ್ತರ ಹೋಗಲಿಲ್ಲ ಎಂದ.

"ನಾಕು ಸಲ" ಎಂದಳು ಯಮನವ್ವ. "ಅಂವ ನನ್ನ ಸೈತ ಎರಡನೇ ಸಲ ಕರದಾಂವಲ್ಲ."

ಬಾಳಯ್ಯ ಕ್ಷಮೆ ಎಂಬ ಮಾತಿಗೆ ಬಾಯಿ ತೆರೆದ. ಅವಳು ಕೈ ಎತ್ತಿ ತಡೆದಳು.

"ಅದನ್ನ ನನ್ನ ಹತ್ತರ ಕೇಳಬ್ಯಾಡ್ರಿ. ನನ್ನ ಕಡೆ ಇಲ್ಲ. ಫೋನಿನ್ಯಾಗಿನ ಅವನ ದಾರ ತಗೀರಿ."

ಅವನು ತೆಗೆದ. ಅವಳು ಬಲಗೈ ಮುಂದೆ ಚಾಚಿದಳು. ಹೋದ ಯುಗಾದಿಗೆ ಬಾಳಯ್ಯನೇ ಕಟ್ಟಿದ ಕೆಂಪು ದಾರ, ದೋಣಿಯ ಹುಟ್ಟಿನ ನೀರಿಗೆ ಬಣ್ಣ ಬಿಟ್ಟು ಮಾಸಿತ್ತು.

"ಇದನ್ನೂ."

ಒಳಗಿನಿಂದ ಕತ್ತರಿ ತಂದು ಅವನು ಅದನ್ನೂ ಕತ್ತರಿಸಿದ. ಆಮೇಲೆ ಅವಳ ಎದುರಿಗೇ ಕೂತು ಪುಟದಿಂದ ದಾರದ ಸಾಲು ಅಳಿಸಿದ. ಪುಟ ತೆರೆದು ಅವಳಿಗೆ ತೋರಿಸಿದ. ಮೊದಲ ಸಲ ಮಿಸ್. ಎರಡನೆಯ ಸಲ ತೆರೆದ. ಹಿಟ್.

ಅದರ ಅರ್ಥ ಏನು ಎಂದು ಅವಳು ಕೇಳಲಿಲ್ಲ. ನಾಳೆ ಹದಿನೆಂಟರ ಒಳಗಿದ್ದರೆ ದೋಣಿ ಬಿಡುತ್ತೇನೆ, ಮೇಲಿದ್ದರೆ ಇಲ್ಲ ಎಂದಷ್ಟೇ ಹೇಳಿ, ಫೋನು ಸೆರಗಿಗೆ ಸುತ್ತಿಕೊಂಡು ಹೋದಳು.

ನಾಲ್ಕನೆಯ ದಿನ ಬೆಳಿಗ್ಗೆಯೇ ಅಣೆಕಟ್ಟಿನ ಬಾಗಿಲು ತೆರೆದರು. ಹೊಳೆಯ ಬಣ್ಣ ಬದಲಾಯಿತು. ಅವ್ವ ಮೆಟ್ಟಿಲ ಮೇಲೇ ಕೂತಳು. ನೀರು ಏರಿದ ಹಾಗೆ ಅವಳೂ ಒಂದೊಂದೇ ಮೆಟ್ಟಿಲು ಮೇಲೆ ಸರಿದಳು. ಹದಿನಾರು ಎಂದಳು. ಬಾಳಯ್ಯ ಬರೆದ. ಹದಿನೆಂಟು ಎಂದಳು. ಬರೆದ. ಇಪ್ಪತ್ತು.

ಕಂಪನಿಯ ಲೆಕ್ಕದಲ್ಲಿ ಎಲ್ಲೆಡೆ ಹಿಟ್, ಹಿಟ್, ಹಿಟ್. ನಲವತ್ತು ಊರಿನವರು ಕೇಳುತ್ತಿದ್ದರು, ದೂರದ ಕಂಪ್ಯೂಟರ್‌ಗಳು ಕೊಡುತ್ತಿದ್ದವು. ಹತ್ತು ನಿಮಿಷಕ್ಕೊಮ್ಮೆ ಅವುಗಳಲ್ಲಿ ಒಂದೊಂದು ಬಂದು ಹೊಸ ಸಂಖ್ಯೆ ಕೇಳಿಕೊಂಡು ಹೋಗುತ್ತಿತ್ತು. ಆಶ್ರಮದ ಕಂಪ್ಯೂಟರ್ ತಣ್ಣಗಿತ್ತು. ಪಟ್ಟಿಯಲ್ಲಿ ಒಂದು ಹೆಸರಿಲ್ಲ, ಒಂದು ಗುರುತಿಲ್ಲ.

ಬಾಳಯ್ಯ ಆ ಖಾಲಿ ಪಟ್ಟಿಯ ಮುಂದೆ ಕೂರಲಾರದೆ ಎದ್ದು ಹೊರಗೆ ಬಂದ. ಮಳೆ ಹಿಡಿದಿತ್ತು. ಕೆಳಗಿನ ತಿರುವಿನ ತನಕ ಕೆಂಪು ನೀರು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಮರದ ಒಂದು ಬೊಡ್ಡೆ ತೇಲಿ ಹೋಯಿತು. ದೋಣಿಯ ಹಲಗೆಯೋ ಎಂದು ಅವನು ಎರಡು ಹೆಜ್ಜೆ ಮುಂದೆ ಓಡಿದ. ಬೊಡ್ಡೆಯೇ ಎಂದು ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ಅದು ದೂರ ಹೋಗಿತ್ತು.

ಯಮನವ್ವನಿಗೆ ಫೋನು ಮಾಡಿದ್ದ. ಗಂಟೆ ಹೊಡೆದು ಹೊಡೆದು ನಿಂತಿತ್ತು. ಅವಳು ಮನೆಯಲ್ಲಿ ಮಕ್ಕಳ ಹತ್ತಿರ ಇರಬಹುದು. ಫೋನನ್ನು ಯಾರ ಕೈಗೋ ಕೊಟ್ಟಿರಬಹುದು.

ಅವನು ಮೆಟ್ಟಿಲಿಳಿದು ಅವ್ವನ ಪಕ್ಕದಲ್ಲಿ ಕೂತ. ಅವಳ ಸೀರೆಯ ಅಂಚು ನೀರಿನಲ್ಲಿತ್ತು.

"ಅವ್ವ, ನಿನ್ನೆ ತನಕ ಆಗಿದ್ರ ಆಕಿ ನೋಡಿದಳೋ ಇಲ್ಲೋ ನನಗ ತಿಳೀತಿತ್ತು."

ಅವ್ವ ನೀರನ್ನೇ ನೋಡುತ್ತಿದ್ದಳು.

"ಈಗ ಹೆಂಗ ತಿಳೀಬೇಕು?"

ಅವ್ವ ಬಗ್ಗಿ ನೀರೊಳಗೆ ಕೈ ಇಳಿಸಿ, ತಾನು ಕಾಲಿಟ್ಟಿದ್ದ ಕಲ್ಲನ್ನು ಮುಟ್ಟಿ ನೋಡಿದಳು. ಆಮೇಲೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಒಂದು ಮೆಟ್ಟಿಲು ಮೇಲೆ ಸರಿದು ಕೂತಳು.

"ಇಪ್ಪತ್ತೆರಡಾತು. ಹೋಗಿ ಬರಿ."